250 ಡಾಲರಿನ ಪಿಸ್ತೂಲು, ಬೆಳಗಿನ ಜಾವ 3 ಗಂಟೆಯ ಅಡುಗೆಮನೆ

ಟೆಕ್ಸಾಸಿನ ಯಾವ ಗನ್ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತರೂ ಕಣ್ಣು ಮೊದಲು ಹೋಗುವುದು ಬೆಲೆಚೀಟಿಯ ಕಡೆಗೆ. 500 ಡಾಲರ್ ದಾಟುವ ಗ್ಲಾಕ್ 19 ಒಂದು ಕಡೆ. ಅದರ ಹತ್ತಿರದಲ್ಲೇ, ಹೆಚ್ಚುಕಮ್ಮಿ ಅರ್ಧ ಬೆಲೆಗೆ, ಸ್ವಲ್ಪ ಚಿಕ್ಕದಾದ ಟಾರಸ್ ಜಿ3ಸಿ. ಎರಡೂ ಕಪ್ಪು, ಎರಡರ ಹಿಡಿಯೂ ಪಾಲಿಮರ್, ಎರಡರಲ್ಲೂ ಹೋಗುವುದು ಅದೇ 9 ಎಂಎಂ ಗುಂಡು. ಡಾಲಸ್‌ನ ಉತ್ತರಕ್ಕಿರುವ ಪ್ಲೇನೊ, ಫ್ರಿಸ್ಕೊ ಕಡೆಯ ಕನ್ನಡದವರಿಗೆ ನಾನು ಆಗಾಗ ಗುಂಡು ಹಾರಿಸುವ ಅಭ್ಯಾಸದ ರೇಂಜಿಗೆ ಹೋಗುವವನು ಎಂದು ಗೊತ್ತು. ಹಾಗಾಗಿ ಯುಗಾದಿ ಊಟದ ಸಾಲಿನಲ್ಲೋ, ಮಕ್ಕಳ ಕ್ರಿಕೆಟ್ ಅಭ್ಯಾಸದ ಮೈದಾನದಲ್ಲೋ ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಮನೇಲಿ ಇಟ್ಕೊಳ್ಳೋಕೆ ಆ ಚಿಕ್ಕದು ಸಾಕಲ್ವಾ? ಅಷ್ಟೊಂದು ದುಡ್ಡು ಯಾಕೆ ಸುರೀಬೇಕು?"

ಇತ್ತೀಚೆಗೆ ಕೇಳಿದವನು ಮಂಡ್ಯ ಕಡೆಯ ಗೆಳೆಯ. ಲೆಕ್ಕಾಚಾರದ ಮನುಷ್ಯ. ಎಕ್ಸೆಲ್ ಶೀಟ್ ಮಾಡಿಕೊಂಡೇ ಬಂದಿದ್ದ. ಬೆಲೆ, ತೂಕ, ನಳಿಗೆಯ ಉದ್ದ, ಮ್ಯಾಗಜೀನಿನಲ್ಲಿ ಎಷ್ಟು ಗುಂಡು, ವಾರಂಟಿ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆಯುತ್ತಿದ್ದೇನೆ.

ಅವನ ಭಯಕ್ಕೆ ಆಧಾರ ಇಲ್ಲದೇ ಇಲ್ಲ. ನಮ್ಮವರ ಮನೆಗಳಲ್ಲಿ ಚಿನ್ನ ಇರುತ್ತದೆ ಎಂಬುದು ಇಲ್ಲಿನ ಕಳ್ಳರಿಗೂ ಗೊತ್ತು. 2011ರಿಂದ 2014ರವರೆಗೆ ಒಂದು ತಂಡ ಜಾರ್ಜಿಯಾ, ನ್ಯೂಯಾರ್ಕ್, ಒಹಾಯೊ, ಮಿಷಿಗನ್, ಟೆಕ್ಸಾಸ್‌ಗಳಲ್ಲಿ ಭಾರತೀಯ ಮತ್ತು ಇತರ ಏಷ್ಯಾ ಮೂಲದವರ ಮನೆಗಳನ್ನೇ ಆರಿಸಿಕೊಂಡು, ಬಂದೂಕು ತೋರಿಸಿ ದೋಚಿತ್ತು. ತಂಡದ ನಾಯಕಿಗೆ ಕೊನೆಗೆ 37 ವರ್ಷ ಜೈಲಾಯಿತು. ಇಂಥ ಸುದ್ದಿಗಳು ವಾಟ್ಸಾಪ್ ಗುಂಪುಗಳಲ್ಲಿ ಹಳತಾಗುವುದೇ ಇಲ್ಲ. ದೀಪಾವಳಿ ಹತ್ತಿರ ಬಂದರೆ ನಿನ್ನೆ ಮೊನ್ನೆ ನಡೆದದ್ದು ಎನ್ನುವ ಹಾಗೆ ಮತ್ತೆ ತಿರುಗುತ್ತವೆ.

ಪಿಸ್ತೂಲಿನ ಮಾತಿಗೆ ಮೊದಲು ವೀಸಾ ಮಾತು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಚ್-1ಬಿಯಲ್ಲಿ ಇರುವವರು ಗನ್ ಕೊಳ್ಳುವಂತಿಲ್ಲ, ಅಷ್ಟೇ ಅಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಬೇರೆ ಒಂದೆರಡು ವಿನಾಯಿತಿಗಳೂ ಇವೆ. ಅದಿಲ್ಲದವರಿಗೆ ಇದು ಫೆಡರಲ್ ಅಪರಾಧ. ಗೆಳೆಯನ ಗನ್ ಹಿಡಿದು ರೇಂಜಿನಲ್ಲಿ ತೆಗೆಸಿಕೊಂಡ ಫೋಟೊವನ್ನು ಇನ್‌ಸ್ಟಾಗ್ರಾಮಿಗೆ ಹಾಕುವ ಹುಡುಗರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಅಂಟಿಸುತ್ತಿರುತ್ತಾರೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. 21 ತುಂಬಿರಬೇಕು, 4473 ಎಂಬ ಫಾರಂ ತುಂಬಬೇಕು, ಅಂಗಡಿಯವನು ಎಫ್‌ಬಿಐ ವ್ಯವಸ್ಥೆಯಲ್ಲಿ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಾನೆ. ಟೆಕ್ಸಾಸಿನಲ್ಲಿ ಕಾಯುವ ಅವಧಿ ಇಲ್ಲ. ಬಹುಪಾಲು ಸಲ ಅರ್ಧ ಗಂಟೆಯಲ್ಲಿ ಡಬ್ಬಿ ಕೈಗೆ ಬರುತ್ತದೆ.

ಈ ಸಲೀಸುತನ ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ. ನಮ್ಮದು ಸಕಲೇಶಪುರದ ಕಡೆ. ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇರುತ್ತದೆ. ಚುನಾವಣೆ ಘೋಷಣೆಯಾದರೆ ಅದನ್ನು ಸ್ಟೇಷನ್ನಿಗೆ ಒಯ್ದು ಒಪ್ಪಿಸಿ, ರಸೀದಿ ತಂದು ಬೀರುವಿನಲ್ಲಿ ಇಡಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 10 ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಎಂಬ ಆಯುಧ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಆದರೆ ನಮ್ಮ ಕಡೆಯಾಗಲಿ ಕೊಡಗಿನಲ್ಲಾಗಲಿ ಕೋವಿ ಎಂದರೆ ಉದ್ದ ನಳಿಗೆಯದು, ಎಲ್ಲರ ಕಣ್ಣಿಗೂ ಬೀಳುವಂಥದ್ದು. ದಿಂಬಿನ ಪಕ್ಕದ ಡ್ರಾಯರಿನಲ್ಲಿ ಮಲಗುವ ಪಿಸ್ತೂಲಿನ ಜೊತೆ ನಮಗೆ ಬಳಕೆಯೇ ಇಲ್ಲ. ಭಾರತದಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷಿದ್ಧ ಬೋರ್ (ನಳಿಗೆಯ ಅಳತೆ). ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು ತಂದ ನಿರ್ಭೀಕ್ ರಿವಾಲ್ವರಿನ ಬೆಲೆಯೇ 1 ಲಕ್ಷ 22 ಸಾವಿರದ ಆಸುಪಾಸು. ಬಜೆಟ್ ಪಿಸ್ತೂಲು ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ.

ಅಮೆರಿಕದಲ್ಲಿ ಮಾತ್ರ ಅಗ್ಗದ ಪಿಸ್ತೂಲಿಗೆ ದೊಡ್ಡ ಇತಿಹಾಸವೇ ಇದೆ. 1968ರ ಗನ್ ಕಂಟ್ರೋಲ್ ಕಾಯಿದೆ ಹೊರದೇಶಗಳಿಂದ ಬರುತ್ತಿದ್ದ ಸಣ್ಣ, ಕಳಪೆ ಪಿಸ್ತೂಲುಗಳನ್ನು ತಡೆಯಿತು. ತಡೆದ ಮೇಲಿನ ವರ್ಷಗಳಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ರೇವನ್, ಜೆನ್ನಿಂಗ್ಸ್, ಲೋರ್ಸಿನ್‌ನಂಥ ಕಂಪನಿಗಳು ಸತುವಿನ ಮಿಶ್ರಲೋಹ ಎರಕ ಹೊಯ್ದು ಇಲ್ಲೇ ಮಾಡತೊಡಗಿದವು. 'ಸ್ಯಾಟರ್ಡೇ ನೈಟ್ ಸ್ಪೆಷಲ್' ಎಂದು ಜನ ಹಂಗಿಸುತ್ತಿದ್ದದ್ದು ಇಂಥವನ್ನೇ. ಅವನ್ನು ನಿಷೇಧಿಸಿ ಎಂದವರಿಗೆ ಎದುರಾಗಿ, ಕಳ್ಳರ ಕಾಟ ಹೆಚ್ಚಿರುವ ಬೀದಿಯಲ್ಲಿ ಇರುವುದು ಬಡವರೇ, ಅವರ ಕೈಗೆಟಕುವುದನ್ನೇ ಕಿತ್ತುಕೊಳ್ಳುತ್ತೀರಾ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲಾರೆ.

ಇವತ್ತಿನ ಅಗ್ಗದ ಪಿಸ್ತೂಲು ಆ ಜಾತಿಯದ್ದಲ್ಲ. ಟಾರಸ್ 1939ರಲ್ಲಿ ಬ್ರೆಜಿಲ್‌ನಲ್ಲಿ ಶುರುವಾದ ಕಂಪನಿ. ಅಮೆರಿಕದ ಕಾರ್ಖಾನೆ ಈಗ ಜಾರ್ಜಿಯಾದ ಬೇನ್‌ಬ್ರಿಜ್‌ನಲ್ಲಿದೆ, ಜಿಂದಾಲರ ಜೊತೆ ಸೇರಿ ನಮ್ಮ ಹರಿಯಾಣದ ಹಿಸಾರ್‌ನಲ್ಲೂ ಒಂದು ಎದ್ದಿದೆ. ಜಿ3ಸಿ ಬಂದದ್ದು 2020ರಲ್ಲಿ. ನಳಿಗೆ 3.2 ಇಂಚು, ಮ್ಯಾಗಜೀನಿಗೆ 12 ಗುಂಡು, ಖಾಲಿ ಇದ್ದಾಗ ತೂಕ 620 ಗ್ರಾಮಿನಷ್ಟು. ಚೌಕಟ್ಟು ಅಚ್ಚಿನಲ್ಲಿ ಸುರಿದ ಪ್ಲಾಸ್ಟಿಕ್, ಮೆರುಗಿಗೆ ಹೆಚ್ಚು ಕೆಲಸ ಇಲ್ಲ. ಬೆಲೆ ಇಳಿಯುವುದು ಅಲ್ಲಿ. ಒಂದು ಗುಂಡು ಸಿಡಿಯದೇ ಹೋದರೆ ಸ್ಲೈಡ್ (ಪಿಸ್ತೂಲಿನ ಮೇಲ್ಗಡೆಯ ಜಾರುವ ಭಾಗ) ಎಳೆಯದೇ ಟ್ರಿಗರನ್ನು ಇನ್ನೊಮ್ಮೆ ಒತ್ತುವ ಸೌಲಭ್ಯ ಇದೆ, ಇದು ಗ್ಲಾಕಿನಲ್ಲೂ ಇಲ್ಲ. ಟ್ರಿಗರ್ ಮಾತ್ರ ಅಗ್ಗದ್ದು ಅಂತ ಬೆರಳಿಗೆ ಗೊತ್ತಾಗುತ್ತದೆ. ಬಹಳ ದೂರ ಸಡಿಲವಾಗಿ ಬಂದು, ಆಮೇಲೆ ಗೋಡೆಗೆ ತಾಗಿದಂತೆ ನಿಂತು, ಆಮೇಲೆ ಸಿಡಿಯುತ್ತದೆ. ಮನೆಯ ಪಿಸ್ತೂಲಿಗೆ ಅದು ದೋಷ ಎಂದು ನಾನು ಹೇಳುವುದಿಲ್ಲ. ಗಾಬರಿಯಲ್ಲಿರುವ ಕೈಗೆ ಹಗುರ ಟ್ರಿಗರ್ ಕೊಡುವುದಕ್ಕಿಂತ ಇದೇ ವಾಸಿ.

ಗೆಳೆಯನ ಶೀಟಿನಲ್ಲಿ ಇಲ್ಲದ ಒಂದು ಸಾಲು ಇತ್ತು. 2013ರಲ್ಲಿ ಐಯೋವಾದ ಒಬ್ಬ ಶೆರಿಫ್ ಡೆಪ್ಯುಟಿ (ಕೌಂಟಿಯ ಪೊಲೀಸ್) ಆರೋಪಿಯನ್ನು ಅಟ್ಟಿಸಿಕೊಂಡು ಓಡುವಾಗ ಸೊಂಟದ ಟಾರಸ್ ಪಿಸ್ತೂಲು ನೆಲಕ್ಕೆ ಬಿದ್ದು ತಾನಾಗಿ ಸಿಡಿಯಿತು. ಅವನು ಹೂಡಿದ ದಾವೆ ದೇಶವ್ಯಾಪಿ ರಾಜಿಯಲ್ಲಿ ಮುಗಿಯಿತು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ಆದರೆ 9 ಹಳೆಯ ಮಾದರಿಗಳ, ಹತ್ತಿರ ಹತ್ತಿರ 10 ಲಕ್ಷ ಪಿಸ್ತೂಲುಗಳು ಅದರ ವ್ಯಾಪ್ತಿಗೆ ಬಂದವು. ಜಿ3ಸಿ ಆ ಪಟ್ಟಿಯಲ್ಲಿಲ್ಲ. ಆದರೆ ಗೆಳೆಯ ಇನ್ನೂ ಕಡಿಮೆಗೆ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದನಲ್ಲ, ಪಟ್ಟಿಯಲ್ಲಿದ್ದ ಹಳೆಯ ಮಾದರಿಗಳು ಕೈಯಿಂದ ಕೈಗೆ ಬರುವುದು ಅಂಥಲ್ಲೇ. ದುಬಾರಿಯಾದರೆ ಈ ಭಯ ಇಲ್ಲ ಅಂತಲೂ ಅಲ್ಲ. 2017ರ ಜನವರಿಯಲ್ಲಿ ಅಮೆರಿಕದ ಸೈನ್ಯ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ಒಂದು ರೂಪವನ್ನು ಆಯ್ದುಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ, ಬಿದ್ದಾಗ ಸಿಡಿಯಬಹುದು ಎಂಬ ದೂರಿನ ಮೇಲೆ, ಜನರ ಕೈಯಲ್ಲಿದ್ದ ಪಿ320ಗಳಿಗೆ ಪುಕ್ಕಟೆ ಬದಲಾವಣೆ ಮಾಡಿಕೊಡುವುದಾಗಿ ಕಂಪನಿ ಹೇಳಬೇಕಾಯಿತು.

ನಂಬಿಕೆ ಬರುವುದು ಬ್ರ್ಯಾಂಡಿನಿಂದ ಅಲ್ಲ, ಖಾಲಿ ಮಾಡಿದ ಗುಂಡಿನ ಡಬ್ಬಿಗಳಿಂದ. ಅಭ್ಯಾಸಕ್ಕೆ ಬಳಸುವ ದುಂಡುಮೂತಿಯ ಗುಂಡು ಬೇರೆ, ಮನೆಯಲ್ಲಿ ತುಂಬಿಡುವ ಹಾಲೋ ಪಾಯಿಂಟ್ ಬೇರೆ. ಎರಡನೆಯದರ ಮೂತಿಯಲ್ಲಿ ಗುಳಿ ಇರುತ್ತದೆ. ಮೈಗೆ ಹೊಕ್ಕಾಗ ಅರಳಿ ಒಳಗೇ ನಿಲ್ಲಲಿ ಎಂದು. 1986ರಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಏಜೆಂಟರು ಸತ್ತ ಮೇಲೆ ಎಫ್‌ಬಿಐ ಪರೀಕ್ಷೆಗೆ ಅಳತೆ ಗೊತ್ತುಮಾಡಿತು: ಮಾಂಸದ ಬದಲಿಗೆ ಬಳಸುವ ಜೆಲಟಿನ್ ಗಟ್ಟಿಯಲ್ಲಿ ಗುಂಡು 12 ಇಂಚಿಗಿಂತ ಕಡಿಮೆ ಹೋಗಬಾರದು, 18 ದಾಟಬಾರದು. ಈಗಿನ 9 ಎಂಎಂ ಗುಂಡುಗಳನ್ನು ಅಳೆಯುವುದು ಇದರಲ್ಲೇ. ದುಂಡುಮೂತಿಯನ್ನು ಸರಾಗ ನುಂಗುವ ಕೆಲವು ಪಿಸ್ತೂಲುಗಳು ಈ ಗುಳಿಮೂತಿಗೆ ತಡವರಿಸುತ್ತವೆ. ಹಿಡಿದವರ ಮಣಿಕಟ್ಟು ಸಡಿಲವಾದರೂ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ, ಖಾಲಿ ಚಿಪ್ಪು ಬಾಯಲ್ಲೇ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಹಗುರ, ಗಿಡ್ಡ ಪಿಸ್ತೂಲುಗಳಲ್ಲಿ ಇದು ಹೆಚ್ಚು. ಆದ್ದರಿಂದ ಕೆಲವು ನೂರು ಗುಂಡು ಹಾರಿಸದೆ, ಅದರಲ್ಲೂ ಮನೆಯಲ್ಲಿ ಇಡಬೇಕೆಂದಿರುವ ಡಬ್ಬಿಯದ್ದನ್ನೇ ಒಂದಷ್ಟು ಹಾರಿಸದೆ, ಯಾವ ಪಿಸ್ತೂಲನ್ನೂ ನಂಬಬಾರದು. ಒಂದು ಗುಂಡಿಗೆ 25ರಿಂದ 30 ಸೆಂಟ್ ಎಂದಿಟ್ಟುಕೊಂಡರೂ 500ಕ್ಕೆ 125ರಿಂದ 150 ಡಾಲರ್ ಆಯಿತು. ಹಾಲೋ ಪಾಯಿಂಟ್ ಇದಕ್ಕಿಂತ ಬಹಳ ದುಬಾರಿ. ಉಳಿಸಿದ ದುಡ್ಡಿನ ಮೊದಲ ಕಂತು ಇಲ್ಲೇ ಹೋಯಿತು.

ಇನ್ನು ಚಿಕ್ಕದು ಎಂಬ ಗುಣ. ಗೆಳೆಯನ ಶೀಟಿನಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದಿತ್ತು. ಚಿಕ್ಕದಾಗಿ ಮಾಡುವುದು ಸೊಂಟದಲ್ಲಿ ಸಿಕ್ಕಿಸಿಕೊಂಡು, ಮೇಲೆ ಅಂಗಿ ಬಿಟ್ಟುಕೊಂಡು ಓಡಾಡುವವರಿಗೆ. 2021ರ ಸೆಪ್ಟೆಂಬರಿನಿಂದ ಟೆಕ್ಸಾಸಿನಲ್ಲಿ ಅದಕ್ಕೆ ಪರ್ಮಿಟ್ ಕೂಡ ಬೇಡ. ಆದರೆ ಇವನು ಹೊತ್ತುಕೊಂಡು ತಿರುಗುವವನಲ್ಲ. ಮನೆಯಲ್ಲೇ ಇರುವ ವಸ್ತು ಚಿಕ್ಕದಿದ್ದು ಏನು ಲಾಭ? ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯಲು ಇರುವ ಮುಂದಿನ ಮತ್ತು ಹಿಂದಿನ ಗುರುತುಗಳ ನಡುವಿನ ಅಂತರ ಕಡಿಮೆ, ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಕಿರುಬೆರಳಿಗೆ ಹಿಡಿಯಲ್ಲಿ ಜಾಗ ಸಾಲದು. ತೂಕ ಕಡಿಮೆ, ಒದೆತ ಹೆಚ್ಚು. ಕತ್ತಲೆಯಲ್ಲಿ ಮೂತಿಯ ಬೆಂಕಿ ಕಣ್ಣಿಗೆ ಹೊಡೆಯುತ್ತದೆ. ಅದೇ ಕಂಪನಿಯ ಪೂರ್ಣ ಗಾತ್ರದ ಜಿ3, ನಾಲ್ಕು ಇಂಚಿನ ನಳಿಗೆಯದು, ಬೆಲೆಯಲ್ಲಿ ಹೆಚ್ಚು ದೂರವಿಲ್ಲ. ಮೊದಲ ಸಲ ಗುಂಡು ಹಾರಿಸುವ ಗಂಡ ಹೆಂಡತಿ ಇಬ್ಬರ ಕೈಗೂ ಅದೇ ಹೊಂದುತ್ತದೆ. ಕಾಂಪ್ಯಾಕ್ಟ್, ಅಂದರೆ ಈ ಚಿಕ್ಕ ಗಾತ್ರದ್ದು, ಕಲಿತವರ ಕೈಯ ವಸ್ತು. ಅದನ್ನು ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ, "ನಿಮ್ಮ ಕೈಗೆ ಇದೇ ಸರಿ" ಎಂದು ಹಚ್ಚುವ ಕೌಂಟರಿನ ಮಂದಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟೂ ಗನ್ನಿನ ಮಾತಾಯಿತು. ಗೆಳೆಯನ ಮನೆಯ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆ ಅಂದೆ. ಈ ಕಡೆಯ ಹೊಸ ಬಡಾವಣೆಗಳಲ್ಲಿ ಎಲ್ಲರದ್ದೂ ಒಂದೇ ನಕ್ಷೆ: ಕೆಳಗೆ ಅಪ್ಪ ಅಮ್ಮನ ಮಾಸ್ಟರ್ ಬೆಡ್‌ರೂಮ್, ಪಕ್ಕದಲ್ಲಿ ಅತಿಥಿಗಳ ಕೋಣೆ, ನಡುವೆ ಎತ್ತರದ ಹಾಲ್, ಮೆಟ್ಟಿಲು, ಮೇಲೆ ಮಕ್ಕಳ ಕೋಣೆಗಳು. ಬಾಗಿಲು ಒಡೆದು ಬಂದವನು ನಿಲ್ಲುವುದು ಸರಿಯಾಗಿ ಅಪ್ಪ ಅಮ್ಮ ಮತ್ತು ಮಕ್ಕಳ ನಡುವೆ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು 911ಕ್ಕೆ ಫೋನ್ ಮಾಡಿ ಒಳಗೇ ಕೂರಿ ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಮಕ್ಕಳು ಮೇಲಿದ್ದಾಗ ಯಾವ ಅಪ್ಪನೂ ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಹಾಲಿಗೆ ಬರುತ್ತಾನೆ.

ಹಾಲಿಗೆ ಬಂದವನ ಎದುರಿಗಿರುವ ಗೋಡೆ ನಮ್ಮೂರಿನ ಇಟ್ಟಿಗೆ ಗೋಡೆಯಲ್ಲ. ಮರದ ಕಂಬಗಳ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಂ ಹಲಗೆ, ಒಳಗೆ ಖಾಲಿ. ಹೊರಗಡೆ ಇಟ್ಟಿಗೆ ಕಂಡರೂ ಒಳಗೋಡೆಗಳೆಲ್ಲ ಇಷ್ಟೇ. 9 ಎಂಎಂ ಗುಂಡಿಗೆ ಇದು ಹಪ್ಪಳ. ಗುರಿ ತಪ್ಪಿದ ಗುಂಡು ಒಂದಲ್ಲ, ಒಂದರ ಹಿಂದೊಂದು ಹಲವು ಗೋಡೆ ತೂರುತ್ತದೆ. ಹಾಲೋ ಪಾಯಿಂಟಿನ ಗುಳಿಗೆ ಜಿಪ್ಸಂ ಪುಡಿ ತುಂಬಿಕೊಂಡರೆ ಅದು ಅರಳುವುದೂ ಇಲ್ಲ, ದುಂಡುಮೂತಿಯ ಹಾಗೇ ಹೋಗುತ್ತದೆ. ನಕ್ಷೆಯ ಮೇಲೆ ಅವನ ಕೋಣೆಯ ಬಾಗಿಲಿನಿಂದ ಮುಂಬಾಗಿಲಿಗೆ ಒಂದು ಗೆರೆ ಎಳೆದೆವು. ಆ ಕಡೆ ಬೀದಿ, ಎದುರು ಮನೆ. ಮೆಟ್ಟಿಲಿನ ಕಡೆಗೆ ಎಳೆದೆವು. ಅದು ಮಗಳ ಕೋಣೆಗೆ ಹೋಗಿ ನಿಂತಿತು. ಹಿತ್ತಿಲ ಬಾಗಿಲಿಗೆ ಎಳೆದ ಗೆರೆ ಅಡುಗೆಮನೆ ದಾಟಿ ಹೋಯಿತು.

"ಅಡುಗೆಮನೇಲಿ ರಾತ್ರಿ ಯಾರು ಇರ್ತಾರೆ ಬಿಡು" ಅಂದ.

"ನಿಮ್ಮಪ್ಪ ಅಮ್ಮ ಯಾವಾಗ ಬರೋದು?"

"ಮುಂದಿನ ತಿಂಗಳು."

ಅಲ್ಲಿಗೆ ಅವನು ಪೆನ್ನು ಕೆಳಗಿಟ್ಟ. ಊರಿನಿಂದ ಅಪ್ಪ ಅಮ್ಮ ಬಂದಿದ್ದ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಗಲು ರಾತ್ರಿ ಅದಲುಬದಲಾಗಿ, ಮೊದಲ ಎರಡು ವಾರ ಬೆಳಗಿನ ಜಾವ 3 ಗಂಟೆಗೆ ಅವರಿಗೆ ಪೂರ್ತಿ ಎಚ್ಚರ. ಮಗ ಸೊಸೆಗೆ ನಿದ್ದೆ ಕೆಡದಿರಲಿ ಎಂದು ದೀಪ ಹಾಕುವುದಿಲ್ಲ. ಕತ್ತಲಲ್ಲೇ ಗೋಡೆ ತಡವಿಕೊಂಡು ಬಂದು ಕಾಫಿ ಡಬ್ಬಿ ಹುಡುಕುತ್ತಾರೆ. ಗಾಳಿ ಬೇಕು ಅನ್ನಿಸಿದರೆ ಹಿತ್ತಿಲ ಬಾಗಿಲು ತೆಗೆಯುತ್ತಾರೆ, ಅಲಾರಂ ಹೊಡೆದುಕೊಳ್ಳುತ್ತದೆ. ಗಾಢ ನಿದ್ದೆಯಿಂದ ಎದ್ದ ಮಗನಿಗೆ ಕೇಳಿಸುವುದು ಬಾಗಿಲ ಸದ್ದು, ಅಲಾರಂ, ಅಡುಗೆಮನೆಯಲ್ಲಿ ಯಾರೋ ನಡೆದಾಡುವ ಸಪ್ಪಳ. ಕಾಲೇಜಿಗೆ ಹೋದ ಮಗ ಹೇಳದೆ ಕೇಳದೆ ರಾತ್ರಿ ಡ್ರೈವ್ ಮಾಡಿಕೊಂಡು ಬರುವುದೂ ಹೀಗೆಯೇ. ನಮ್ಮ ಮನೆಗಳಲ್ಲಿ ಕತ್ತಲಲ್ಲಿ ಓಡಾಡುವ ಆಕೃತಿ ಕಳ್ಳನಾಗಿರುವುದಕ್ಕಿಂತ ಮನೆಯವರೇ ಆಗಿರುವುದು ಎಷ್ಟೋ ಪಾಲು ಹೆಚ್ಚು.

ಹೀಗಾಗಿ ಪಿಸ್ತೂಲಿಗಿಂತ ಮೊದಲು ಟಾರ್ಚು ಕೊಳ್ಳಬೇಕು. ಪಿಸ್ತೂಲಿನ ಮೂತಿಯ ಕೆಳಗೆ ಸಿಕ್ಕಿಸುವ ದೀಪ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿದರೆ ಯಾರು ಎಂದು ನೋಡಲಿಕ್ಕೇ ಅಪ್ಪನ ಎದೆಗೆ ನಳಿಗೆ ತೋರಿಸಬೇಕಾಗುತ್ತದೆ. ಎಡಗೈಯಲ್ಲಿ ಪ್ರತ್ಯೇಕ ಟಾರ್ಚು ಇರಲಿ. ಅದಕ್ಕೂ ಮೊದಲು ಬಾಯಿ ಇರಲಿ: "ಯಾರದು?" ಎಂದು ಕನ್ನಡದಲ್ಲಿ ಕೂಗಿದರೆ ಮನೆಯವರು ಉತ್ತರ ಕೊಡುತ್ತಾರೆ. ಹಾಲಿನಲ್ಲೂ ಅಡುಗೆಮನೆಯಲ್ಲೂ ಮೆಟ್ಟಿಲ ಬುಡದಲ್ಲೂ ಯಾರಾದರೂ ನಡೆದರೆ ತಾನಾಗಿ ಹೊತ್ತುವ ಸಣ್ಣ ದೀಪಗಳನ್ನು ಹಾಕಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಪಿಸ್ತೂಲಿನ ಬೆಲೆಯ ಎದುರು ಅವು ಏನೇನೂ ಅಲ್ಲ.

ಆಮೇಲೆ ಪಿಸ್ತೂಲನ್ನು ಬೀಗ ಹಾಕಿ ಇಡುವ ಪೆಟ್ಟಿಗೆ. ಅಮೆರಿಕದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48,830 ಜನ. ಅವರಲ್ಲಿ 26,328 ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಪಿಸ್ತೂಲು ಇಟ್ಟುಕೊಂಡ ಗಂಡಸರು ತಾವೇ ಗುಂಡು ಹಾರಿಸಿಕೊಂಡು ಜೀವ ಕಳೆದುಕೊಳ್ಳುವ ಸಂಭವ ಇಲ್ಲದವರಿಗಿಂತ ಸುಮಾರು 8 ಪಟ್ಟು, ಹೆಂಗಸರದ್ದು 35 ಪಟ್ಟು. ಕೆಲಸ ಹೋದ ತಿಂಗಳು, ಮಗನ ಪರೀಕ್ಷೆ ಕೆಟ್ಟ ವಾರ, ಹೆರಿಗೆಯಾದ ಮೇಲಿನ ಮಂಕು, ಇವೆಲ್ಲ ನಮ್ಮ ಮನೆಗಳಿಗೂ ಬರುತ್ತವೆ. ನಾವು ಅದರ ಬಗ್ಗೆ ಬಾಯಿ ಬಿಡುವುದೂ ಕಡಿಮೆ. ಅಂಥ ಹೊತ್ತಿನಲ್ಲಿ ಪಿಸ್ತೂಲನ್ನು ಮನೆಯಿಂದಲೇ ಆಚೆ ಇಡುವ ವ್ಯವಸ್ಥೆ ಇರಬೇಕು, ಅದನ್ನು ಗಂಡ ಹೆಂಡತಿ ಕೊಳ್ಳುವ ಮೊದಲೇ ಮಾತಾಡಿಕೊಂಡಿರಬೇಕು. ಮಕ್ಕಳ ವಿಷಯದಲ್ಲಿ ಟೆಕ್ಸಾಸಿನ ಕಾನೂನೂ ಇದೆ: 17 ವರ್ಷದೊಳಗಿನವರ ಕೈಗೆ ತುಂಬಿದ ಗನ್ ಸಿಗುವಂತೆ ಅಜಾಗರೂಕತೆಯಿಂದ ಬಿಟ್ಟರೆ ಅಪರಾಧ.

ಪೆಟ್ಟಿಗೆಯಲ್ಲೂ ಅಗ್ಗದ್ದು ಎಂಬ ಬಲೆ ಇದೆ, ಮತ್ತು ಅದು ಪಿಸ್ತೂಲಿನದಕ್ಕಿಂತ ಕೆಟ್ಟದ್ದು. ಬೆರಳಚ್ಚಿನಿಂದ ತೆರೆಯುವ ಸುಮಾರು 61,000 ಪೆಟ್ಟಿಗೆಗಳನ್ನು 2023ರಲ್ಲಿ ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ವಾಪಸು ಕರೆಸಿತು. ಮಾಲೀಕನ ಬೆರಳು ಸರಿಯಾಗಿ ದಾಖಲಾಗದೆ ಯಾರ ಬೆರಳಿಗಾದರೂ ತೆರೆದುಕೊಳ್ಳುತ್ತಿದ್ದವು. ಅಂಥ ಪೆಟ್ಟಿಗೆಯಿಂದ ತೆಗೆದ ಗನ್ನಿನಿಂದ 12 ವರ್ಷದ ಹುಡುಗನೊಬ್ಬ ಸತ್ತ ಎಂಬ ದಾವೆಯೂ ಇತ್ತು. ನನ್ನ ಮಟ್ಟಿಗೆ ಬೆರಳಚ್ಚಿನ ತಂಟೆಯೇ ಬೇಡ. ಬೆರಳಿನಿಂದಲೇ ಗುರುತಿಸಿ ಒತ್ತಬಹುದಾದ ಗುಂಡಿಗಳಿರುವ, ಮಂಚಕ್ಕೋ ಗೋಡೆಯ ಕಂಬಕ್ಕೋ ಬೋಲ್ಟ್ ಹಾಕಿ ಬಿಗಿದ ಪೆಟ್ಟಿಗೆ ಸಾಕು. ಪಿಸ್ತೂಲಿನ ಅರ್ಧದಷ್ಟು ಬೆಲೆ ಅದಕ್ಕೇ ಆಗುತ್ತದೆ.

ಗೆಳೆಯ ಶೀಟಿನಲ್ಲಿ ಹೊಸ ಸಾಲುಗಳನ್ನು ಸೇರಿಸಿದ. ಗುಂಡು, ಪೆಟ್ಟಿಗೆ, ಟಾರ್ಚು, ಕಿವಿಯ ರಕ್ಷಣೆ (9 ಎಂಎಂ ಸದ್ದು 160 ಡೆಸಿಬೆಲ್ ಹತ್ತಿರ, ಮನೆಯೊಳಗೆ ಒಂದೇ ಒಂದು ಸಲ ಕೇಳಿದರೂ ಕಿವಿ ಹಾಳಾಗಬಹುದು), ಇಬ್ಬರಿಗೂ ತರಬೇತಿಯ ಶುಲ್ಕ, ರೇಂಜಿನ ಬಾಡಿಗೆ. ಗ್ಲಾಕಿಗೂ ಜಿ3ಸಿಗೂ ಇದ್ದ ವ್ಯತ್ಯಾಸ ಒಟ್ಟು ಮೊತ್ತದಲ್ಲಿ ಸಣ್ಣದಾಗಿಬಿಟ್ಟಿತು. ಆದರೂ ಅವನಿಗೆ ಗ್ಲಾಕ್ ಕೊಳ್ಳು ಎಂದು ನಾನು ಹೇಳಲಿಲ್ಲ. ಅಗ್ಗದ ಪಿಸ್ತೂಲು ಕೊಂಡು ಉಳಿದದ್ದನ್ನು ಗುಂಡಿಗೂ ತರಬೇತಿಗೂ ಹಾಕುವವನು, ದುಬಾರಿಯದ್ದನ್ನು ಕೊಂಡು ಡಬ್ಬಿಯಲ್ಲೇ ಇಟ್ಟವನಿಗಿಂತ ಮೇಲು. ಆದರೆ ಕಾಂಪ್ಯಾಕ್ಟ್ ಬೇಡ, ಪೂರ್ಣ ಗಾತ್ರದ್ದು ನೋಡು ಅಂದೆ. ಸೆಕೆಂಡ್ ಹ್ಯಾಂಡ್ ಬೇಡ ಅಂದೆ.

ಅವನ ಹೆಂಡತಿ ಅಷ್ಟು ಹೊತ್ತು ಮಗಳ ಹೋಮ್‌ವರ್ಕ್ ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದರು. "ಅಣ್ಣ, ಮೊದಲು ಲಾಕರ್‌ಗೆ ಹಾಕಬೇಕಾಗಿರೋದು ನನ್ನ ಬಳೆ. ಅದು ಮನೇಲಿ ಇಲ್ಲ ಅಂದ್ರೆ ಇವರಿಗೆ ಅರ್ಧ ಭಯ ಹೋಗುತ್ತೆ" ಅಂದರು. ಬ್ಯಾಂಕಿನ ಲಾಕರ್ ಬಾಡಿಗೆಯೂ ಶೀಟಿಗೆ ಸೇರಿತು. ಪಿಸ್ತೂಲು ಅಪ್ಪ ಅಮ್ಮ ಊರಿಗೆ ವಾಪಸು ಹೋದ ಮೇಲೆ ಎಂದು ತೀರ್ಮಾನವಾಯಿತು. ಅಷ್ಟರೊಳಗೆ ಇಬ್ಬರೂ ಹೊಸಬರ ತರಗತಿ ಮುಗಿಸುವುದು, ಬಾಡಿಗೆ ಕೌಂಟರಿನಲ್ಲಿ ಜಿ3, ಗ್ಲಾಕ್ 19 ಎರಡನ್ನೂ ಹಾರಿಸಿ ನೋಡುವುದು, ಯಾರ ಕೈಗೆ ಯಾವುದು ಕೂರುತ್ತದೆ ಎಂಬುದನ್ನು ಅವರೇ ಹೇಳುವುದು. ನಡೆದರೆ ಹೊತ್ತುವ ದೀಪಗಳನ್ನು ಮಾತ್ರ ಅವನು ಅಲ್ಲೇ ಫೋನಿನಲ್ಲಿ ಆರ್ಡರ್ ಮಾಡಿದ. ಆರರ ಪ್ಯಾಕ್ ಅಗ್ಗಕ್ಕೆ ಸಿಕ್ಕಿತಂತೆ.